ಗಿರಣಿಯಿಂದ ವಿಧಾನಸಭೆಗೆ

ಹಂಪಿಯ ವಿರೂಪಾಕ್ಷನಿಗೆ ಪಂಪಾಪತಿ ಎಂಬ ಹೆಸರೂ ಉಂಟೆಂಬುದು ನಮ್ಮ ಹೊಸಪೇಟೆಯ ಮಕ್ಕಳಿಗೆಲ್ಲ ತಿಳಿದದ್ದೇ. ಅದೇ ಹೆಸರಿನ ಕಾರ್ಮಿಕ ಮುಖಂಡರೊಬ್ಬರು ದಾವಣಗೆರೆಯಿಂದ 1978, 1983 ಮತ್ತು 1985ರಲ್ಲಿ ಭಾರತ ಕಮ್ಯುನಿಸ್ಟ್ ಪಕ್ಷದ ಶಾಸಕರಾಗಿ ಆಯ್ಕೆಯಾದ ಸಂಗತಿ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಾನು ಪಾಠ ಹೇಳಿದ ಚರಿತ್ರೆಯ ಪುಸ್ತಕಗಳಲ್ಲಿ ಈ ಕಥೆಗೆ ಸ್ಥಳವಿರಲಿಲ್ಲ. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಇದರ ಬೇರು ಮದರಾಸಿನಲ್ಲಿದೆ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವವರೆಗೆ ನಮ್ಮ ಊರೂ ಮದರಾಸಿನ ಆಡಳಿತದಲ್ಲಿಯೇ ಇತ್ತು. 1918ರ ಏಪ್ರಿಲ್ 27ರಂದು ಅಲ್ಲಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಬಟ್ಟೆ ಗಿರಣಿಗಳ ಕಾರ್ಮಿಕರಿಗಾಗಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಿ.ಪಿ. ವಾಡಿಯಾ ಅದರ ಅಧ್ಯಕ್ಷರು. ಮಧ್ಯಾಹ್ನದ ಊಟದ ಬಿಡುವು ಸಾಲದೆಂಬುದು ಕಾರ್ಮಿಕರ ಮೊದಲ ದೂರುಗಳಲ್ಲಿ ಒಂದು. 1920ರಲ್ಲಿ ವಿವಾದ ಬಲಿತಾಗ ಕಂಪನಿಯು ಹೈಕೋರ್ಟಿಗೆ ಹೋಗಿ ವಾಡಿಯಾರ ವಿರುದ್ಧವೇ ತಡೆಯಾಜ್ಞೆ ತಂದಿತು. ಸಂಘ ಕಟ್ಟುವವರಿಗೆ ಕಾನೂನಿನ ರಕ್ಷಣೆಯಿಲ್ಲವೆಂಬುದು ಅಂದು ದೇಶಕ್ಕೇ ತಿಳಿಯಿತು. ಎನ್.ಎಂ. ಜೋಶಿ ಮೊದಲಾದವರ ಪ್ರಯತ್ನದಿಂದ 1926ರಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂದಿತು.

ಆ ಕಾಯಿದೆಯ ಎರಡು ಅಂಶಗಳನ್ನು ಗಮನಿಸಿರಿ. ಗಿರಣಿಯಲ್ಲಿ ದುಡಿಯದ ಹೊರಗಿನವರೂ ಸಂಘದ ಪದಾಧಿಕಾರಿಗಳಲ್ಲಿ ಅರ್ಧದಷ್ಟು ಇರಬಹುದಾಗಿತ್ತು. ಸದಸ್ಯರು ಸ್ವಇಚ್ಛೆಯಿಂದ ಕೊಡುವ ಪ್ರತ್ಯೇಕ ರಾಜಕೀಯ ನಿಧಿಗೂ ಅವಕಾಶವಿತ್ತು. ಕಾರ್ಮಿಕ ಸಂಘವೂ ರಾಜಕೀಯ ಪಕ್ಷವೂ ಕೈಜೋಡಿಸಲು ಕಾನೂನಿನ ದಾರಿ ತೆರೆದದ್ದು ಹೀಗೆ.

ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ ದಾವಣಗೆರೆಯಲ್ಲಿ ಈ ಮೈತ್ರಿ ಬೇರೂರಿತು. ಒಂದೇ ಪಾಳಿಯಲ್ಲಿ ದುಡಿದು ಒಂದೇ ಬಾಗಿಲಿನಿಂದ ಹೊರಬರುವ ಜನರಿಗೆ ತಮ್ಮ ಸಂಖ್ಯೆಯ ಬಲ ಕಣ್ಣಿಗೇ ಕಾಣುತ್ತದೆ. ಕೂಲಿಗಾಗಿ ಕೂಡಿದವರು ಮತಕ್ಕಾಗಿಯೂ ಕೂಡಿದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಬಹುಮತವಿಲ್ಲದ ಸರಕಾರಕ್ಕೆ ಹೊರಗಿನಿಂದ ಬೆಂಬಲವಿತ್ತವರಲ್ಲಿ ಎಡಪಕ್ಷಗಳೂ ಇದ್ದವು. ಗಿರಣಿಯ ಜನರ ಮತಕ್ಕೆ ರಾಜಧಾನಿಯಲ್ಲಿಯೂ ಬೆಲೆ ಬಂದ ಕಾಲವದು.

ಕಾಲಕ್ರಮೇಣ ಗಿರಣಿಗಳು ಮುಚ್ಚಿದವು. 1985ರ ಅನಂತರ ಆ ಪಕ್ಷವು ಅಲ್ಲಿ ಗೆದ್ದಿಲ್ಲ. ಗಿರಣಿಯ ಬಾಗಿಲು ಮುಚ್ಚಿದಾಗ ಸಂಬಳದೊಂದಿಗೆ ಜನ ಕೂಡುತ್ತಿದ್ದ ಜಾಗವೂ ಹೋಯಿತೆಂಬುದು ನನ್ನ ಎಣಿಕೆ.

ನೆರೆಯ ಬಳ್ಳಾರಿಯಲ್ಲಿ ಇಂದು ಜೀನ್ಸ್ ಹೊಲಿಯುವವರು ಹಲವಾರು ಸಣ್ಣ ಘಟಕಗಳಲ್ಲಿ ಚದುರಿಹೋಗಿದ್ದಾರೆ. ನಿಮ್ಮಲ್ಲಿಯೂ ಕೆಲವರ ಮನೆಮಂದಿ ಆ ಕೆಲಸದಲ್ಲಿರಬಹುದು. ಊಟದ ಬಿಡುವು ಸಾಲದೆಂದು ಹೇಳಬೇಕಾದರೆ ಅವರು ಎಲ್ಲಿ ಕೂಡಬೇಕು? ಯೋಚಿಸಿ, ನನಗೂ ತಿಳಿಸಿರಿ.