ಹೂಮರವಾದ ಹುಡುಗಿ

ಕನ್ನಡ ನಾಡಿನ ಹೆಂಗಸರು ಹೇಳುತ್ತ ಬಂದಿರುವ ಅಜ್ಜಿಕಥೆ. ಹೆಣ್ಣಿನ ಚೆಲುವನ್ನೂ ಕಸುವನ್ನೂ ಹೂವಿನಲ್ಲಿ ಕಂಡ ನಮ್ಮ ಜನಪದ ಕಥೆಗಳಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲಬೇಕು. ಎ.ಕೆ. ರಾಮಾನುಜನ್ (1929–1993) ಹಾಗೂ ಅವರ ಜೊತೆಗಾರ ಜಾನಪದ ವಿದ್ವಾಂಸರು ಕರ್ನಾಟಕದಲ್ಲಿ ಇದರ ಹಲವು ಪಾಠಗಳನ್ನು ಸಂಗ್ರಹಿಸಿದರು. ರಾಮಾನುಜನ್ ತೀರಿಕೊಂಡ ಮೇಲೆ, 1997ರಲ್ಲಿ, ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಕಥಾಸಂಕಲನಕ್ಕೆ ಈ ಕಥೆಯ ಹೆಸರನ್ನೇ ಇಡಲಾಯಿತು.

ಕೂಲಿನಾಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುವ ಬಡವಿಯ ಮನೆಯಲ್ಲಿ ಕಥೆ ಮೊದಲಾಗುತ್ತದೆ. ಅವ್ವನ ಪಾಡು ನೋಡಲಾರದೆ ಕಿರಿಯವಳು ಒಂದು ಉಪಾಯ ಹೂಡುತ್ತಾಳೆ. ಅಕ್ಕ ಉಗುರು ತಾಕಿಸದೆ ಎರಡು ಕೊಡ ನೀರು ತರಬೇಕು. ತಂಗಿ ಮಿಂದು ಮಡಿಯಾಗಿ, ದೇವರನ್ನು ನೆನೆದು ಕೂರುತ್ತಾಳೆ. ಒಂದು ಕೊಡ ಸುರಿದರೆ ಮೈತುಂಬ ಹೂ ಬಿಟ್ಟ ಮರವಾಗುತ್ತಾಳೆ. ಚಿಗುರು, ತೊಟ್ಟು, ಎಲೆ ಯಾವುದಕ್ಕೂ ನೋವಾಗದಂತೆ ಹೂ ಬಿಡಿಸಿಕೊಂಡು ಎರಡನೆಯ ಕೊಡ ಸುರಿದರೆ ಮತ್ತೆ ಹುಡುಗಿ. ಅಕ್ಕತಂಗಿ ಆ ಹೂ ಕಟ್ಟಿ ಅರಮನೆಗೆ ಮಾರುತ್ತಾರೆ. ರಾಜಕುಮಾರ ಗುಟ್ಟು ಕಂಡುಹಿಡಿದು ಅವಳನ್ನು ಮದುವೆಯಾಗುತ್ತಾನೆ.

ಕಥೆ ತಿರುಗುವುದು ಇಲ್ಲಿಂದ. ಮರವಾಗು ಎಂದು ಗಂಡ ಹಟ ಹಿಡಿಯುತ್ತಾನೆ. ಮನಸ್ಸಿಲ್ಲದಿದ್ದರೂ ಆಕೆ ಒಪ್ಪುತ್ತಾಳೆ. ಮುಂದೆ ನಾದಿನಿ ತನ್ನ ಗೆಳತಿಯರೊಂದಿಗೆ ಅವಳನ್ನು ತೋಟಕ್ಕೆ ಕರೆದೊಯ್ದು ಅದನ್ನೇ ಮಾಡಿಸುತ್ತಾಳೆ. ಹುಡುಗಿಯರು ಹೂವಿಗೆ ಮುಗಿಬಿದ್ದು ಕೊಂಬೆಗಳನ್ನು ಮುರಿಯುತ್ತಾರೆ. ಎರಡನೆಯ ಕೊಡವನ್ನು ಹೇಗೆಂದರೆ ಹಾಗೆ ಚೆಲ್ಲಿ ಹೊರಟುಹೋಗುತ್ತಾರೆ. ಅತ್ತ ಮರವೂ ಅಲ್ಲ, ಇತ್ತ ಮನುಷ್ಯಳೂ ಅಲ್ಲ, ಕೈಕಾಲಿಲ್ಲದ ಗಾಯದ ಮುದ್ದೆಯಾಗಿ ಅವಳು ಚರಂಡಿಯಲ್ಲಿ ಬೀಳುತ್ತಾಳೆ. ಆ ದಾರಿಯಲ್ಲಿ ಬಂದ ಹತ್ತಿಬಂಡಿಯವನು ಎತ್ತಿಕೊಂಡು ಹೋಗಿ ಬೇರೊಂದು ಊರಿನಲ್ಲಿ ಬಿಡುತ್ತಾನೆ. ಹುಚ್ಚನಂತೆ ಅಲೆದ ಗಂಡ ಕೊನೆಗೆ ಅವಳನ್ನು ಗುರುತಿಸಿ, ಒಂದು ಕೊಡ ನೀರು ಸುರಿದು, ಮುರಿದ ರೆಂಬೆಗಳನ್ನು ಒಂದೊಂದಾಗಿ ನೆಟ್ಟಗೆ ಕಟ್ಟಿ, ಇನ್ನೊಂದು ಕೊಡ ಸುರಿದಾಗ ಅವಳು ಇಡಿಯಾಗುತ್ತಾಳೆ.

ಇದು ಹೆಣ್ಣಿನ ಕಥೆಯೆಂದು ರಾಮಾನುಜನ್ ವಿವರಿಸಿದ್ದಾರೆ. ತನ್ನ ಚೆಲುವು ಪೂರ್ತಿ ಅರಳಿದ ಗಳಿಗೆಯಲ್ಲೇ ಆಕೆ ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುತ್ತಾಳೆ. ಅಕ್ಕನ ಎಚ್ಚರದ ಕೈಯಲ್ಲಿ ಹೊಟ್ಟೆ ಹೊರೆದ ಶಕ್ತಿಯೇ ಬೇರೆಯವರ ಚಪಲಕ್ಕೆ ಸಿಕ್ಕಾಗ ಅವಳನ್ನು ಮುರಿಯುತ್ತದೆ.

ರಾಯಚೂರು ಜಿಲ್ಲೆಯ ಪಾಮನಕಲ್ಲೂರು ಸೇರಿದಂತೆ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯವರಿಗೆ ಈ ಕಥೆಯ ಲೋಕ ಹೊಸದಲ್ಲ. ಕೊಡ ಹೊತ್ತು ನೀರು ತರುವ ಹೆಣ್ಣುಮಕ್ಕಳು, ಪೇಟೆಯ ದಾರಿ ಹಿಡಿದ ಹತ್ತಿಬಂಡಿ, ಎಲ್ಲವೂ ಕಂಡದ್ದೇ. ಉತ್ತರ ಕರ್ನಾಟಕದ ಊರುಗಳಲ್ಲಿ ಗುಡಿಗೂ ಮನೆಗಳಿಗೂ ಹೂಪತ್ರಿ ಒದಗಿಸುವುದು ಹೂಗಾರರ ಕಾಯಕ. ಹುಡುಗಿ ದೊಡ್ಡವಳಾದಾಗ, ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ ಹೂ ಮುಡಿಸುತ್ತಾರೆ. ಗಂಡ ಸತ್ತರೆ ಅದೇ ಮುಡಿಯಿಂದ ಹೂ ತೆಗೆಸುವ ರೂಢಿಯೂ ಇದೆ. ಆ ರೂಢಿ ಕ್ರೂರವಾದುದು. ಅದನ್ನು ಸಂಪ್ರದಾಯವೆಂದು ಸುಮ್ಮನೆ ದಾಖಲಿಸಿ ಮುಂದೆ ಹೋಗುವಂತಿಲ್ಲ. ಶಾಸ್ತ್ರದಲ್ಲಿ ಹೂವನ್ನು ಬೇರೆಯವರು ಕೊಡುತ್ತಾರೆ, ಬೇರೆಯವರೇ ಕಿತ್ತುಕೊಳ್ಳುತ್ತಾರೆ. ಕಥೆಯ ಹುಡುಗಿಗೆ ಹೂ ಯಾರೂ ಕೊಟ್ಟದ್ದಲ್ಲ, ಅವಳ ಮೈಯಿಂದಲೇ ಅರಳಿದ್ದು. ಅದನ್ನು ಮಾರಿ ಅವ್ವನ ಕಷ್ಟ ನೀಗುವ ತೀರ್ಮಾನವೂ ಅವಳದೇ. ಹೆಣ್ಣನ್ನು ಹೂವಿಗೆ ಹೋಲಿಸಿ ಕೋಮಲೆ ಎಂದು ಹೊಗಳುವ ಕಾವ್ಯಗಳು ಕಾಣದ ಮಾತನ್ನು ಕಥೆ ಹೇಳುವ ಅಜ್ಜಿಯರು ಕಂಡಿದ್ದರು.

ಗಿರೀಶ ಕಾರ್ನಾಡರು 1992ರಲ್ಲಿ ಈ ಕಥೆಯನ್ನು ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು. ಸೋನಾಲಿ ಕುಲಕರ್ಣಿ ನಾಯಕಿ. ಹೆಣ್ಣಿಗಾದ ಗಾಯವನ್ನು ಕಾಡಿನ ನಾಶದೊಂದಿಗೆ ಬೆಸೆದ ಆ ಚಿತ್ರ ಜನಪದ ಕಥೆಯ ಹಾಗೆ ಸುಖಾಂತವಲ್ಲ. ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ರಾಮಾನುಜನ್ನರ ಪಾಠವನ್ನು ಆಧರಿಸಿ ರಚಿಸಿದ ಒಪೆರಾ 2006ರಲ್ಲಿ ವಿಯೆನ್ನಾದಲ್ಲಿ ಮೊದಲ ಪ್ರದರ್ಶನ ಕಂಡಿತು.

ವಿಯೆನ್ನಾದವರೆಗೆ ಹೋದ ಈ ಕಥೆ ಹುಟ್ಟಿ ಬೆಳೆದದ್ದು ಅಡುಗೆಮನೆ, ಪಡಸಾಲೆಗಳಲ್ಲಿ. ಮಸ್ಕಿ ಸೀಮೆಯ ಶಾಲಾ ಕಾಲೇಜುಗಳ ಅಧ್ಯಾಪಕರು, ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯ ಹೆಂಗಸರನ್ನು ಕೇಳಿ, ಇಂಥ ಕಥೆಗಳನ್ನು ಅವರ ಮಾತಿನಲ್ಲೇ, ಹೇಳಿದವರ ಹೆಸರು ಮತ್ತು ಊರಿನ ಸಮೇತ ಬರೆದಿಡಬೇಕು.