ಕೋಲಾರ ಚಿನ್ನದ ಗಣಿ ಪ್ರದೇಶದ ಕಾರ್ಮಿಕ ಚರಿತ್ರೆ: ಸ್ಥಳೀಯ ಸಂಶೋಧನೆಗೆ ಮಾಹಿತಿ

ಪೀಠಿಕೆ

ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಲ್ಲಿ ಆಧುನಿಕ ಗಣಿಗಾರಿಕೆಯನ್ನು ಆರಂಭಿಸಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಒಡೆತನಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ಅಧೀನಕ್ಕೂ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು.

ಗಣಿಯ ಆಳ, ಯಂತ್ರೋಪಕರಣ, ಉತ್ಪಾದನೆ ಹಾಗೂ 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುಚ್ಛಕ್ತಿಯನ್ನು ಕುರಿತು ದಾಖಲೆಗಳು ಹೇರಳವಾಗಿವೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದವರ ವಿಷಯದಲ್ಲಿ ಹಾಗೆನ್ನುವಂತಿಲ್ಲ. ಆಡಳಿತ ವರದಿಗಳಲ್ಲಿ ಅವರು ಬಹುತೇಕ ಸಂಖ್ಯೆಗಳಾಗಿಯೇ ಉಳಿದಿದ್ದಾರೆ. ಈ ಕೊರತೆಯನ್ನು ತುಂಬಬಲ್ಲವರು ಆ ಕುಟುಂಬಗಳವರೇ.

ಇದು ಬೇರೆಡೆ ಸಾಧಿತವಾದ ಕಾರ್ಯ. ಬ್ರಿಟನ್ನಿನ ದಕ್ಷಿಣ ವೇಲ್ಸ್ ಕಲ್ಲಿದ್ದಲು ಪ್ರದೇಶದಲ್ಲಿ ಗಣಿಗಳು ಮುಚ್ಚುತ್ತಾ ಬಂದಂತೆ ಕಾರ್ಮಿಕರು ತಮ್ಮ ವೇತನದ ವಂತಿಗೆಯಿಂದ ಕಟ್ಟಿದ್ದ ಗ್ರಂಥಾಲಯಗಳು ಚದುರಿಹೋಗತೊಡಗಿದವು. ಉಳಿದ ಪುಸ್ತಕಗಳನ್ನೂ ಸಂಘಗಳ ಕಡತಗಳನ್ನೂ ಸಂಗ್ರಹಿಸಿ, ವೃದ್ಧ ಕಾರ್ಮಿಕರ ಹೇಳಿಕೆಗಳನ್ನು ಧ್ವನಿಮುದ್ರಿಸಿ, 1973ರಲ್ಲಿ ಸ್ವಾನ್‌ಸಿಯಲ್ಲಿ ಗಣಿ ಕಾರ್ಮಿಕರ ಗ್ರಂಥಾಲಯವನ್ನು ತೆರೆಯಲಾಯಿತು.

ಚರಿತ್ರೆಯ ಮುಖ್ಯ ಅಂಶಗಳು

ಕಾರ್ಮಿಕರಲ್ಲಿ ಬಹುಪಾಲು ಜನರು ಉತ್ತರ ಆರ್ಕಾಟ್ ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು ಭಾಷಿಕರು. ಅವರಲ್ಲಿ ಹೆಚ್ಚಿನವರು ದಲಿತರು. ಊರಿನ ಜಮೀನ್ದಾರಿಕೆಯ ಬಂಧನದಿಂದ ಹೊರಬರಲು ಗಣಿಯ ಕೂಲಿ ದಾರಿಯಾಯಿತೆಂಬುದೂ, ಆ ಕೂಲಿಯೇ ಇನ್ನೊಂದು ಬಗೆಯ ಬಂಧನವಾಯಿತೆಂಬುದೂ ಒಟ್ಟಿಗೆ ನಿಜ. ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಯುರೋಪಿಯನ್ನರು ಹಾಗೂ ಆಂಗ್ಲೋ ಇಂಡಿಯನ್ನರು ಇದ್ದರು. ಕಾರ್ಮಿಕರ ವಾಸ ‘ಲೈನು’ಗಳೆಂದು ಕರೆಯಲಾಗುವ ಸಾಲು ಮನೆಗಳಲ್ಲಿತ್ತು.

1930ರಲ್ಲಿ ಬೆರಳಚ್ಚು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ದೊಡ್ಡ ಮುಷ್ಕರ ನಡೆಯಿತು. ಆಗ ಅವರಿಗೆ ಮಾನ್ಯತೆ ಪಡೆದ ಸಂಘವಿರಲಿಲ್ಲ ಎಂಬುದು ಗಮನಾರ್ಹ. 1946ರ ಮುಷ್ಕರದಲ್ಲಿ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಜಾನಕಿ ನಾಯರ್ ಅವರು ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರನ್ನು ಕುರಿತು 1998ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವು ಈ ಘಟ್ಟಗಳ ಅಧ್ಯಯನಕ್ಕೆ ಉತ್ತಮ ಪ್ರವೇಶ.

ಆಳದ ಗಣಿಗಳಲ್ಲಿ ಒತ್ತಡದಿಂದ ಬಂಡೆ ಸಿಡಿಯುವ ಅಪಘಾತಗಳು ಪದೇ ಪದೇ ಸಂಭವಿಸುತ್ತಿದ್ದವು. ಅಷ್ಟು ಸದ್ದಿಲ್ಲದೆ ಕೊಂದದ್ದು ಕಲ್ಲಿನ ಧೂಳು. 1940ರಿಂದ 1946ರವರೆಗೆ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ, ತಪಾಸಣೆಗೊಳಗಾದ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರಲ್ಲಿ ಶೇಕಡ 40ಕ್ಕೂ ಮಿಕ್ಕಿ ಜನರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಕಂಡುಬಂದಿತು. ಈ ಕಾಯಿಲೆಯನ್ನು ಕ್ಷಯವೆಂದು ತಪ್ಪಾಗಿ ತಿಳಿಯುವುದು ಸಾಮಾನ್ಯ. ಆದುದರಿಂದ ಮನೆಯಲ್ಲಿ ಉಳಿದಿರುವ ಹಳೆಯ ಎಕ್ಸ್‌ರೇ ಫಿಲ್ಮು ಅಥವಾ ಆಸ್ಪತ್ರೆ ಚೀಟಿಯನ್ನು ನಿರುಪಯುಕ್ತವೆಂದು ಎಸೆಯಬಾರದು.

ದಾಖಲೆಗಳನ್ನು ಪಡೆಯುವ ಬಗೆ

ಮೈಸೂರು ಸರ್ಕಾರದ ಕಾಲದ ಕಡತಗಳು ಮತ್ತು ಆಡಳಿತ ವರದಿಗಳಿಗಾಗಿ ಕರ್ನಾಟಕ ರಾಜ್ಯ ಪತ್ರಾಗಾರವನ್ನು ಸಂಪರ್ಕಿಸಬಹುದು. ಭೇಟಿಗೆ ಮುನ್ನ ವಿಷಯ ಹಾಗೂ ವರ್ಷಗಳನ್ನು ಗುರುತು ಮಾಡಿಕೊಂಡಲ್ಲಿ ಹುಡುಕಾಟ ಸುಲಭವಾಗುತ್ತದೆ.

ಕಂಪನಿಯ ಸೇವಾ ದಾಖಲೆಗಳ ವಿಷಯ ಬೇರೆ. ಇವು ರಾಜ್ಯ ಸರ್ಕಾರದ ಕಚೇರಿಗಳಿಗೆ ಸೇರಿದವಲ್ಲ. ಕೇಂದ್ರ ಗಣಿ ಸಚಿವಾಲಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಕೋರಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕ ವಿನಾಯಿತಿಯಿದೆ. ಅರ್ಜಿಯು ಬೇರೆ ಪ್ರಾಧಿಕಾರಕ್ಕೆ ಸೇರಿದ್ದಲ್ಲಿ ಅದನ್ನು 5 ದಿನಗಳೊಳಗೆ ವರ್ಗಾಯಿಸತಕ್ಕದ್ದು. ಮಾಹಿತಿ ನೀಡಲು ಸಾಮಾನ್ಯ ಅವಧಿ 30 ದಿನಗಳು. ಅರ್ಜಿಯಲ್ಲಿ ಕಾರ್ಮಿಕರ ಹೆಸರು, ತಂದೆಯ ಹೆಸರು, ಗಣಿಯ ಹೆಸರು (ಮೈಸೂರು, ಚಾಂಪಿಯನ್ ರೀಫ್, ಊರಿಗಾಂ ಅಥವಾ ನಂದಿದುರ್ಗ), ಕೆಲಸ ಮಾಡಿದ ವರ್ಷಗಳು, ಗೊತ್ತಿದ್ದಲ್ಲಿ ನೌಕರಿ ಸಂಖ್ಯೆಯನ್ನು ಬರೆಯುವುದು. ‘ನನ್ನ ತಾತನವರ ಎಲ್ಲ ವಿವರ ಕೊಡಿ’ ಎಂಬ ಅರ್ಜಿಯಿಂದ ಫಲ ಸಿಗುವುದು ಅಪರೂಪ. ಒಂದೇ ಹೆಸರನ್ನು ತಮಿಳು ಉಚ್ಚಾರಣೆಯಂತೆ ಇಂಗ್ಲಿಷಿನಲ್ಲಿ ಬೇರೆ ಬೇರೆ ರೀತಿಯಲ್ಲಿ ಬರೆದಿರುವ ಸಂಭವವಿರುವುದರಿಂದ ಎಲ್ಲ ರೂಪಗಳನ್ನೂ ನಮೂದಿಸುವುದು ಒಳಿತು.

ಮರಣ ನೋಂದಣಿ, ಚರ್ಚು ಮತ್ತು ಸ್ಮಶಾನಗಳ ವಹಿಗಳು ಹಾಗೂ ಸಮಾಧಿ ಕಲ್ಲುಗಳ ಬರಹವೂ ಆಧಾರಗಳೇ.

ಹೇಳಿಕೆಗಳ ಸಂಗ್ರಹ

2001ರಲ್ಲಿ ಗಣಿ ನಿಂತಾಗ 40 ವರ್ಷದವರಾಗಿದ್ದ ಕಾರ್ಮಿಕರು ಈಗ 60 ದಾಟಿದ್ದಾರೆ. ಇನ್ನೂ ಹಿರಿಯರಾದ, ಖಾಸಗಿ ಕಂಪನಿಯ ಕಾಲವನ್ನು ಕಂಡವರು ವಿರಳ. ಆದ್ದರಿಂದ ಕಡತಗಳಿಗಿಂತ ಮೊದಲು ಹೇಳಿಕೆಗಳನ್ನು ದಾಖಲಿಸುವುದು ಸೂಕ್ತ. ಹೇಳುವವರ ಒಪ್ಪಿಗೆಯನ್ನು ಬರಹದಲ್ಲಿಯೋ ಧ್ವನಿಮುದ್ರಣದಲ್ಲಿಯೋ ಪಡೆಯತಕ್ಕದ್ದು. ಅವರು ಆಡುವ ತಮಿಳು, ತೆಲುಗು ಅಥವಾ ಕನ್ನಡದಲ್ಲಿಯೇ ಮಾತನ್ನು ಉಳಿಸಿಕೊಂಡು ಅನುವಾದವನ್ನು ಪ್ರತ್ಯೇಕವಾಗಿ ಇಡಬೇಕು. ಗಣಿಯೊಳಗಿನ ಪದಗಳನ್ನು ತಿದ್ದಬಾರದು. ಕಲ್ಲು ಆರಿಸಿದ, ಮನೆ ನಡೆಸಿದ, ಮುಷ್ಕರದ ದಿನಗಳಲ್ಲಿ ಅಡುಗೆಗೆ ಅಕ್ಕಿ ಹೊಂದಿಸಿದ ಸ್ತ್ರೀಯರನ್ನೂ ಪ್ರಶ್ನಿಸತಕ್ಕದ್ದು, ಏಕೆಂದರೆ ಆಡಳಿತ ವರದಿಗಳಲ್ಲಿ ಅವರ ಮಾತು ಸಿಗುವುದು ಇನ್ನೂ ಕಡಿಮೆ.

ಮೂಲ ದಾಖಲೆಗಳನ್ನು ಯಾರಿಗೂ ಒಪ್ಪಿಸದೆ ಪ್ರತಿಗಳನ್ನು ಮಾತ್ರ ಹಂಚಿಕೊಳ್ಳುವುದು ಲೇಸು. ಪಿಂಚಣಿ, ಪರಿಹಾರ ಅಥವಾ ವಸತಿಯ ಪ್ರಕರಣ ಬಾಕಿಯಿರುವ ಕುಟುಂಬಗಳಿಗೆ ಆ ಮೂಲ ಪತ್ರವೇ ಮುಂದೆ ಬೇಕಾಗಬಹುದು.