ಪದ ಕಟ್ಟಿದವರು, ಪದ ಹೊತ್ತವರು

ಬಾಗಲಕೋಟೆ ಸೀಮೆಯ ಎಷ್ಟೋ ಮನೆತನಗಳಲ್ಲಿ ಮದುವೆ ಮುಗಿದ ಮೇಲೆ ಕುಲದೇವತೆಗೆ ಗೊಂದಲ, ಅಂದರೆ ರಾತ್ರಿಯಿಡೀ ಕಥೆಯ ಹಾಡು, ಹಾಕಿಸುವುದು ಹಳೆಯ ಪದ್ಧತಿ. ಹೊತ್ತು ಮುಳುಗಿದ ಮೇಲೆ ಚೌಕ ತುಂಬಿ, ಕಳಸ ಇಟ್ಟು, ದೀವಟಿಗೆ ಹಚ್ಚುತ್ತಾರೆ. ಕವಡೆ ಸರ ಧರಿಸಿದ ಗೊಂದಲಿಗ ತುಳಜಾಪುರದ ಅಂಬಾಭವಾನಿಯನ್ನು, ಸವದತ್ತಿಯ ಎಲ್ಲಮ್ಮನನ್ನು ಹೆಸರು ಹಿಡಿದು ಕರೆಯುತ್ತಾನೆ. ಸೊಂಟಕ್ಕೆ ಕಟ್ಟಿದ ಸಂಬಳವೆಂಬ ಜೋಡಿ ವಾದ್ಯದ ಮೇಲೆ ಕಡ್ಡಿ ಬೀಳುತ್ತದೆ, ಚೌಡಿಕೆಯ ಒಂಟಿ ತಂತಿ ಮಿಡಿಯುತ್ತದೆ. ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಹಿಮ್ಮೇಳದವ ಅಡ್ಡಮಾತು ಹಾಕಿ ನಗಿಸುತ್ತಾನೆ. ಕೋಳಿ ಕೂಗುವ ತನಕ ಇದೇ ನಡೆ.

ಇದರ ಬೇರು ಕನ್ನಡ ನೆಲದಲ್ಲೇ ಆಳಕ್ಕಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಗೋಂಡಲಿ ಎಂಬ ಕುಣಿತದ ಮಾತು ಬರುತ್ತದೆ. ಇಂದಿನ ಗೊಂದಲಕ್ಕೂ ಅದಕ್ಕೂ ವಿದ್ವಾಂಸರು ನಂಟು ಹೇಳುತ್ತಾರೆ.

ಈ ಪರಂಪರೆಯ ಹಿರಿಯ, ಬಾಗಲಕೋಟೆಯ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಾವಿರಕ್ಕೂ ಹೆಚ್ಚು ಗೊಂದಲಿ ಪದ ಹಾಡಿದವರು, ನೂರಾರು ಮಂದಿಗೆ ಕಾಸು ಮುಟ್ಟದೆ ಕಲಿಸಿದವರು. ಜನಪದ ಗಾಯಕರಿಗೆ ಇಂಥ ಮನ್ನಣೆ ಸಿಕ್ಕಾಗ ಹಳೆಯ ಚರ್ಚೆಯೊಂದು ಮತ್ತೆ ತಲೆ ಎತ್ತುತ್ತದೆ: ಪದ ಕಟ್ಟಿದವರು ದೊಡ್ಡವರೋ, ಹಾಡಿದವರು ದೊಡ್ಡವರೋ? ಶಿಶುನಾಳ ಶರೀಫರ ಪದಕ್ಕೆ ಅಂಕಿತವಿದೆ, ಕರ್ತೃ ಯಾರೆಂದು ಕೇಳಬೇಕಿಲ್ಲ. ಗೊಂದಲಿ ಪದಗಳು ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದವು.

ಈ ಸೀಮೆಯದೇ ಬಯಲಾಟ 'ಶ್ರೀಕೃಷ್ಣ ಪಾರಿಜಾತ' ನೋಡಿ. ಬರೆದವನು ಅಪರಾಳ ತಮ್ಮಣ್ಣ, ಅದನ್ನು ತಿದ್ದಿ ಆಟಕ್ಕೆ ಒಗ್ಗಿಸಿ ಊರೂರಿಗೆ ಮುಟ್ಟಿಸಿದವನು ಕುಲಗೋಡ ತಮ್ಮಣ್ಣ. ಇಬ್ಬರಲ್ಲಿ ಒಬ್ಬನನ್ನು ಬಿಟ್ಟರೂ ಪಾರಿಜಾತವಿಲ್ಲ. ಪದ ಕಟ್ಟಿದವರೂ ಹಿಂದಿನವರ ಪದ ಹೊತ್ತವರೇ: 2016ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಅಮೆರಿಕದ ಹಾಡುಗಾರ ಬಾಬ್ ಡಿಲನ್ ಕೂಡ ತಮ್ಮ 'ಬ್ಲೋಯಿಂಗ್ ಇನ್ ದ ವಿಂಡ್' ಹಾಡಿನ ಧಾಟಿ ಕರಿಯ ಗುಲಾಮರ ಹಳೆಯ ಪದದಿಂದ ಬಂದದ್ದೆಂದು ಒಪ್ಪಿಕೊಂಡವರು.

ಹಾಗಾಗಿ ಗೊಂದಲಿಗನನ್ನು ಬರೀ ಕಂಠಪಾಠದವನೆಂದು ಬದಿಗಿಡುವುದು ತಪ್ಪು. ಕಥೆಯ ಜಾಡು ಹಿರಿಯರದು, ನಿಜ. ಆದರೆ ಎಲ್ಲಿ ಮಾತು, ಎಲ್ಲಿ ಪದ, ಕೂತವರ ಕಣ್ಣು ಎಳೆಯುವಾಗ ಸಂಬಳಕ್ಕೆ ಎಷ್ಟು ಬಿರುಸು ಕೊಡಬೇಕು ಎಂಬ ಹದ ಆ ರಾತ್ರಿಯ ಹಾಡುಗಾರನದೇ. ಪ್ರತಿ ಮನೆಯಂಗಳದಲ್ಲೂ ಅವನು ಕಥೆಯನ್ನು ಹೊಸದಾಗಿ ಕಟ್ಟುತ್ತಾನೆ. ಅವನ ಪ್ರಭಾವ ಎಷ್ಟೆಂಬುದು ಕ್ಯಾಸೆಟ್ಟಿನ ಲೆಕ್ಕಕ್ಕೆ ಸಿಗುವುದಿಲ್ಲ. ಅವನ ಸೊಲ್ಲು ಹಿಡಿದು ಮುಂದೆ ಹಾಡುವವರು ಎಷ್ಟು ಮಂದಿ ಎಂದು ನೋಡಬೇಕು.

ಮನೆಯಲ್ಲಿ ಗೊಂದಲ ಹಾಕಿಸುವವರಲ್ಲಿ ಒಂದು ಬಿನ್ನಹ. ಶಾಸ್ತ್ರಕ್ಕೆ ಒಂದು ತಾಸು ಹಾಡಿಸಿ ಕಳಿಸಬೇಡಿ. ಕಥೆ ಮುಗಿಯುವ ತನಕ ಕೂತು ಕೇಳಿ. ಹಾಡುವವರ ಒಪ್ಪಿಗೆ ಪಡೆದು ಮೊಬೈಲಿನಲ್ಲಾದರೂ ಪೂರ್ತಿ ದಾಖಲಿಸಿಡಿ.